ಸ್ವಿಚ್ಚಿಗೆ ಹಚ್ಚಿದ ವಿಭೂತಿ

ತಾಂಡೂರು, 12 ಮಾರ್ಚ್ 1945, ಸೋಮವಾರ

ಪಡಸಾಲೆಯ ದೀಪ ವಾರದಿಂದ ಮಿಣುಕುತ್ತಿತ್ತು. ಬಲ್ಬು ಬದಲಿಸಿದೆ, ಫ್ಯೂಸಿನ ತಂತಿ ನೋಡಿದೆ. ಸ್ವಿಚ್ಚಿನ ಹಿತ್ತಾಳೆ ಮುಚ್ಚಳವನ್ನು ಮಾತ್ರ ಬಿಚ್ಚಲಿಲ್ಲ. ಇಂದು ಸಂಜೆ ಅತ್ತೆ ಅದನ್ನು ಮುಟ್ಟಿದವರೇ ಚೀರಿ ಬಿದ್ದರು. ಮೇನ್ ಸ್ವಿಚ್ಚು ಆರಿಸಿ ಬಿಚ್ಚಿದರೆ ಒಳಗೆಲ್ಲ ಹಸಿ ವಿಭೂತಿ! ದೀಪ ಹಾಕುವ ಮುನ್ನ ಅವರು ವಿಭೂತಿಯನ್ನು ನೀರಲ್ಲಿ ಕಲಸಿ ಸ್ವಿಚ್ಚಿನ ಮೇಲೆ ಮೂರು ಗೆರೆ ಎಳೆಯುವುದನ್ನು ದಿನವೂ ಕಂಡಿದ್ದೆ. ಚಂದವೆಂದುಕೊಂಡೆನೇ ಹೊರತು ನೀರು ಒಳಗಿಳಿಯುತ್ತದೆಂದು ಏಕೆ ಹೊಳೆಯಲಿಲ್ಲ?

“ಅತ್ತಿ, ಜೀವಾ ಹೋಗ್ತಿತ್ತಲ್ರಿ!” ಎಂದೆ.

ಅವರ ಮುಖ ಅರಳಿತ್ತು. “ಇಷ್ಟ್ ವರ್ಷ ಪೂಜಿ ಮಾಡೀನಿ, ಶಿವ ಒಮ್ಮಿನೂ ಮಾತಾಡಿದ್ದಿಲ್ಲ. ಇವತ್ತ ಕೈ ಹಿಡದಾನ ನೋಡವಾ. ನಾಳಿ ಓಣಿ ಮಂದಿನೆಲ್ಲಾ ಕರದು ಮುಟ್ಟಸ್ತೀನಿ.”

ಫ್ಯೂಸು ಕಿತ್ತು ನನ್ನ ದಿಂಬಿನ ಕೆಳಗಿಟ್ಟುಕೊಂಡಿದ್ದೇನೆ. ಬೆಳಗ್ಗೆ ಅವರಿಗೆ ಏನು ಹೇಳಲಿ, ಅದು ಶಿವನಲ್ಲವೆಂದೇ...