ಎಣ್ಣೆಯ ಗೆರೆ

ಜನವರಿ ೭, ಮಂಗಳವಾರ

ರಕ್ತ ಪರೀಕ್ಷೆಯ ಲ್ಯಾಬಿನಿಂದ ಬಂದು ಇನ್ನೂ ಚಪ್ಪಲಿ ಬಿಟ್ಟಿಲ್ಲ, ಸೋಫಾದ ಮೇಲೆ ಮತ್ತೊಂದು ಪಾರ್ಸೆಲ್. ಮತ್ತೊಂದು ಏರ್ ಫಿಲ್ಟರ್. ಇದೂ ನಮ್ಮ ವ್ಯಾನಿಗೆ ಕೂಡುವುದಿಲ್ಲ. ಹೋದ ವಾರದ್ದು ಸಣ್ಣದಾಗಿತ್ತು, ಇದು ದೊಡ್ಡದು. ಆನ್‌ಲೈನ್‌ನಲ್ಲಿ ನೋಡಿ ತರಿಸಿದ್ದು ನಮ್ಮ ಮನೆಯವರೇ. ಕೇಳಿದರೆ, "ಅವರು ತಪ್ಪು ಕಳಿಸ್ಯಾರ" ಎಂದರು. ಎರಡು ಸಲವೂ ಅವರೇ ತಪ್ಪು ಕಳಿಸಿದರಂತೆ...

ನಮ್ಮ ವ್ಯಾನಿನ ಹಳೆಯ ಫಿಲ್ಟರ್ ಎಂದರೆ ಒಂದು ಕಬ್ಬಿಣದ ಡಬ್ಬಿ. ತಳದಲ್ಲಿ ಎಣ್ಣೆ. ಹೊರಗಿನ ಗಾಳಿ ಆ ಎಣ್ಣೆಯ ಮೇಲೆ ಹಾದು, ಧೂಳನ್ನು ಅಲ್ಲೇ ಬಿಟ್ಟು, ಎಂಜಿನ್‌ಗೆ ಹೋಗಬೇಕು. ತಳ ತುಕ್ಕು ಹಿಡಿದು ತೂತಾಗಿದೆ. ಎಣ್ಣೆ ನಿಲ್ಲುತ್ತಿಲ್ಲ. ಜರ್ಮನಿಯ ವ್ಯಾನು. ಎಂಜಿನ್ ಹಿಂದೆ. ರೇಡಿಯೇಟರ್ ಇಲ್ಲ, ನೀರಿಲ್ಲ, ಗಾಳಿಯಿಂದಲೇ ತಂಪಾಗುವ ಜಾತಿ. ಮಗಳು ಅನುಜಾ ಹುಟ್ಟುವ ಮೊದಲು ಇಲ್ಲೇ ಪುಣೆಯ ಕ್ಯಾಂಪ್ ಭಾಗದ ಒಬ್ಬ ಡಾಕ್ಟರರಿಂದ ಕೊಂಡದ್ದು. ಅದರ ಸಾಮಾನು ಈಗ ಯಾರು ಇಟ್ಟಿರುತ್ತಾರೆ?

ಫೆಬ್ರವರಿ ಎಂಟಕ್ಕೆ ಧಾರವಾಡಕ್ಕೆ ಹೊರಡಬೇಕು. ಅನುಜಾಳ ಮಗಳ ಮೊದಲ ಹುಟ್ಟುಹಬ್ಬ, ನನ್ನ ಅಣ್ಣನ ಮನೆಯಲ್ಲಿ. ಎಲ್ಲರೂ ವ್ಯಾನಿನಲ್ಲೇ ಹೋಗಬೇಕೆಂದು ಇವರ ಹಟ. ಟ್ರೇನ್ ಇದೆ. ಹೇಳಿ ಪ್ರಯೋಜನವಿಲ್ಲ.

ಜನವರಿ ೯, ಗುರುವಾರ

ದತ್ತುವಿನ ಗ್ಯಾರೇಜಿಗೆ ಹೋಗಿ ಬಂದೆವು. ಅವನು ಒಂದು ಸಣ್ಣ ದುಂಡನೆಯ ಫಿಲ್ಟರ್ ತೋರಿಸಿದ. ಸುತ್ತ ತಂತಿಯ ಜಾಳಿಗೆ, ಮೇಲೆ ಹೊಳೆಯುವ ಮುಚ್ಚಳ. "ಕಾಕಾ, ಇದನ್ನ ಹಾಕೂಣು. ಹತ್ತು ಮಿನಿಟಿನ ಕೆಲಸ."

ಇವರು ಅದನ್ನು ಕೈಗೆ ಸಹ ತೆಗೆದುಕೊಳ್ಳಲಿಲ್ಲ. "ಕಾತ್ರಜದಾಗ ಎಲ್ಲಾ ಕಡೆ ರಸ್ತೆ ಅಗದಾರ. ಈ ಜಾಳಿಗಿ ಹಚ್ಚಿದ್ರ ಎಂಜಿನ್ ಉಸುಕು ತಿಂದು ಸಾಯ್ತದ."

ಅದು ನನಗೂ ಸರಿ ಅನ್ನಿಸಿತು. ಹಾಗಾದರೆ ಪೇಪರ್ ಫಿಲ್ಟರ್ ಹಾಕಿಸೋಣ, ಹೊಲಸಾದರೆ ತೆಗೆದು ಬೇರೆಯದು, ಎಂದೆ. ಅದೂ ಬೇಡ. ಎಣ್ಣೆಯ ಡಬ್ಬಿಯೇ ಆಗಬೇಕು. "ಮಾಡಿದವರು ಹುಚ್ಚರಲ್ಲ, ಗೋದಾ."

ಎಣ್ಣೆಯ ಡಬ್ಬಿ ಎಲ್ಲೂ ಇಲ್ಲ. ಜಾಳಿಗೆ ಬೇಡ. ಪೇಪರ್ ಬೇಡ. ಒಂದು ಫಿಲ್ಟರಿಗಾಗಿ ಮನೆಯಲ್ಲಿ ಇಷ್ಟು ಮಾತು ಮದುವೆಗೂ ಆಗಿರಲಿಲ್ಲ.

ಜನವರಿ ೧೨, ಭಾನುವಾರ

ನಾನಾ ಪೇಠದಲ್ಲಿ ಗಾಡಿ ಸಾಮಾನಿನ ಅಂಗಡಿಯಿಂದ ಅಂಗಡಿಗೆ. "ಕಾಕೂ, ಹೇ ಆತಾ ಯೇತ ನಾಹೀ" — ಅದು ಈಗ ಬರುವುದೇ ಇಲ್ಲವಂತೆ. ಒಬ್ಬನಂತೂ ಹಳೆಯ ಡಬ್ಬಿ ನೋಡಿ ಇದು ಪ್ರೆಶರ್ ಕುಕ್ಕರ್ ಏನು ಎಂದು ನಕ್ಕ. ಕಾಲು ನೋಯುತ್ತಿತ್ತು, ನಗು ಬರಲಿಲ್ಲ.

ಕೊನೆಗೆ ಇವರೇ ಪೇಪರಿಗೆ ಒಪ್ಪಿದರು. "ತಾತ್ಪೂರ್ತಿಕ." ಸದ್ಯಕ್ಕೆ ಮಾತ್ರವಂತೆ. ಕಾರ್ಬುರೇಟರಿನ ಬಾಯಿಯ ಅಳತೆಯನ್ನು ಬೆಳಿಗ್ಗೆ ತಾವೇ ವರ್ನಿಯರ್ ಹಿಡಿದು ತೆಗೆದಿದ್ದರು. ಆ ಅಳತೆಗೆ ಸರಿಯಾಗಿ ಕೊಂಡೆವು. ಮನೆಗೆ ಬಂದು ಹಾಕಿದರೆ ಗಡಿಗೆಗೆ ಹಂಡೆಯ ಮುಚ್ಚಳ ಇಟ್ಟ ಹಾಗೆ. ಕ್ಲಿಪ್ ಎಷ್ಟು ಬಿಗಿದರೂ ಗಿರಗಿರ ತಿರುಗುತ್ತದೆ.

"ಅಂಗಡಿಯಂವ ಬ್ಯಾರೇದು ಕೊಟ್ಟಾನ."

ನಾನು ಒಂದು ಕಾಗದದ ಪಟ್ಟಿಯನ್ನು ಆ ಬಾಯಿಗೆ ಸುತ್ತಿ ಹಿಡಿದು ತೋರಿಸಿದೆ. ಅಂಗಡಿಯವನ ತಪ್ಪಲ್ಲ. ಇವರ ಅಳತೆಯೇ ತಪ್ಪು.

"ಕಾರಖಾನಿ ಟೂಲ್ ರೂಮಿನಾಗ ಜಲ್ಮಾ ಕಳದೇನಿ. ನನಗ ಅಳತಿ ಕಲಸ್ತೀಯೇನು?"

ಫಿಲ್ಟರನ್ನು ಸೋಫಾದ ಮೇಲೆ ಒಗೆದು ಎದ್ದುಹೋದರು. ಹೋಗಲಿ. ನನಗೂ ಬೇಕಿಲ್ಲ.

ಜನವರಿ ೧೬, ಗುರುವಾರ

ಒಬ್ಬಳೇ ಮತ್ತೆ ನಾನಾ ಪೇಠಕ್ಕೆ ಹೋದೆ, ಅಳತೆಯ ಕಾಗದದ ಪಟ್ಟಿ ಪರ್ಸಿನಲ್ಲಿಟ್ಟುಕೊಂಡು. ಸರಿಯಾದ ಪೇಪರ್ ಫಿಲ್ಟರ್ ಸಿಕ್ಕಿತು. ದತ್ತು ಹಾಕಿಕೊಟ್ಟ. ಎಂಜಿನ್ ಒಂದೇ ಸಲಕ್ಕೆ ಎದ್ದಿತು. ನಮ್ಮ ಬಿಬವೇವಾಡಿಯನ್ನು ಒಂದು ಸುತ್ತು ಹಾಕಿದೆವು. ಚೆನ್ನಾಗಿ ಓಡಿತು.

ಇವರು ಹೇಳಿದ್ದು: "ಆವಾಜ್ ಸರಿ ಇಲ್ಲ."

ಅಷ್ಟೇ. ಇಷ್ಟು ತಿರುಗಿದ್ದಕ್ಕೆ ಅಷ್ಟೇ.

ಜನವರಿ ೧೯, ಭಾನುವಾರ, ಸಂಜೆ

ಎಷ್ಟು ತೊಳೆದರೂ ಕೈಗೆ ಎಣ್ಣೆಯ ವಾಸನೆ.

ಬೆಳಿಗ್ಗೆ ಅನುಜಾಳನ್ನೂ ಮಗುವನ್ನೂ ಕರೆತರಲು ಖರಾಡಿಯ ಅವಳ ಮನೆಗೆ ಹೋದೆವು. ಅಳಿಯ ಪ್ರಣವ ಊರಲ್ಲಿಲ್ಲ. ಹೋಗುವಾಗಲೇ ಸುಟ್ಟ ವಾಸನೆ ಅನ್ನಿಸಿತ್ತು. ಮುಂದಿನ ಟೆಂಪೋದ್ದು ಎಂದು ಇವರು ಓಡಿಸುತ್ತಲೇ ಇದ್ದರು. ಹಿಂತಿರುಗುವಾಗ ಮುಂಢವಾ ಸೇತುವೆ ಏರುತ್ತಿದ್ದಂತೆ ಎಂಜಿನ್ ಮುಗ್ಗರಿಸಿತು. ಹಿಂದೆಲ್ಲ ಬೆಳ್ಳಗೆ ಹೊಗೆ. ರಸ್ತೆಯೇ ಕಾಣದಷ್ಟು. ಹಿಂದಿನವರ ಹಾರ್ನು. ಎಂಜಿನ್ ಇರುವುದು ಹಿಂದಿನ ಸೀಟಿನ ಬೆನ್ನಿಗೆ, ಸೀಟಿನಲ್ಲಿ ಅನುಜಾ, ತೊಡೆಯ ಮೇಲೆ ಮಗು. ವ್ಯಾನ್ ಪೂರ್ತಿ ನಿಲ್ಲುವ ಮೊದಲೇ ಮಗುವನ್ನು ಎತ್ತಿಕೊಂಡು ಹಾರಿದಳು. ಬಿದ್ದಿದ್ದರೆ...

ಬೆಂಕಿ ಇರಲಿಲ್ಲ. ಹಿಂದಿನ ಬಾಗಿಲು ತೆಗೆದೆ. ನನ್ನ ಪೇಪರ್ ಫಿಲ್ಟರ್ ಅಲ್ಲಿಲ್ಲ. ಅದರ ಜಾಗದಲ್ಲಿ ಒಂದು ಎಣ್ಣೆಯ ಡಬ್ಬಿ. ಕ್ಯಾಂಪಿನ ಯಾವುದೋ ಗುಜರಿಯಿಂದ ತಂದು, ಬೆಳಿಗ್ಗೆ ನಾನು ಪೂಜೆಯಲ್ಲಿದ್ದಾಗ ಇವರೇ ಹಾಕಿದ್ದಾರೆ. ನನಗೊಂದು ಮಾತು ಹೇಳಿಲ್ಲ. ಕಾರ್ಬುರೇಟರಿನಿಂದ ಎಣ್ಣೆ ಇಳಿಯುತ್ತಿತ್ತು. ಮುಚ್ಚಳ ಎತ್ತಿದೆ. ಎಣ್ಣೆ ಎಲ್ಲಿಯವರೆಗೆ ಇರಬೇಕೆಂದು ಡಬ್ಬಿಯಲ್ಲೇ ಗೆರೆ ಕೊರೆದಿದ್ದಾರೆ, ಪಕ್ಕದಲ್ಲಿ ಕೆಂಪು ಬಾಣದ ಗುರುತು. ಎಣ್ಣೆ ಅದನ್ನು ದಾಟಿ ಎಷ್ಟೋ ಮೇಲಿತ್ತು. ಹೆಚ್ಚಾದದ್ದನ್ನೆಲ್ಲ ಎಂಜಿನ್ ಕುಡಿದು ಹೊಗೆ ಉಗುಳಿದೆ.

"ಗೆರಿ ಕಾಣಲಿಲ್ಲೇನ್ರೀ ನಿಮಗ?" ನಡುರಸ್ತೆಯಲ್ಲಿ ಕೇಳಿದೆ. ದನಿ ಏರಿತ್ತು.

ಬಗ್ಗಿದರು. ಡಬ್ಬಿಯ ಈ ಕಡೆ ನೋಡಿದರು, ಆ ಕಡೆ ನೋಡಿದರು. ತಲೆ ವಾರೆ ಮಾಡಿದರು. ಆಮೇಲೆ ಎಣ್ಣೆಯೊಳಗೆ ಬೆರಳಿಟ್ಟು ಗೋಡೆಯನ್ನು ಸವರತೊಡಗಿದರು.

"ಎಲ್ಲಿ ಅದ?"

ಬೆರಳಿನ ಪಕ್ಕದಲ್ಲೇ ಇತ್ತು.

ಅನುಜಾ ನನ್ನನ್ನು ನೋಡಿದಳು, ನಾನು ಅವಳನ್ನು. ಅವಳು ರಿಕ್ಷಾ ಹಿಡಿದು ಮಗುವಿನ ಜೊತೆ ಖರಾಡಿಗೆ ವಾಪಸ್ ಹೋದಳು. ದತ್ತು ಬಂದು ವ್ಯಾನ್ ಎಳೆದುಕೊಂಡು ಹೋದ.

ಜನವರಿ ೨೦, ಸೋಮವಾರ

ರಜೆ ಹಾಕಿದೆ. ಚಹಾ ಕೊಟ್ಟು ಎದುರಿಗೆ ಕೂತೆ. ಕಪ್ಪನ್ನು ಕೆಳಗಿಟ್ಟು ಬಾಯಿ ಬಿಟ್ಟರು.

"ನಟ್ಟನಡುವ ಹೊಲಸು ಕಿಟಕಿ ಕಾಜಿನಾಗಿಂದ ನೋಡಿದಂಗ ಆಗ್ತದ. ಗೆರಿ ಡೊಂಕ ಕಾಣಸ್ತಾವ. ಬಾಜೂಕ ಎಲ್ಲಾ ಕಾಣಸ್ತದ."

"ಯಾವಾಗಿಂದ?"

"ದೀಪಾವಳಿ ಆದಮ್ಯಾಗ ಭಾಳ ಆಗೇದ."

"ಮತ್ತ ಗಾಡಿ ಹ್ಯಾಂಗ ಹೊಡದ್ರಿ?"

"ರಸ್ತಾ ಗೊತ್ತದಲ್ಲ."

ರಸ್ತೆ ಗೊತ್ತಂತೆ. ರಸ್ತೆಯ ಮೇಲಿನ ಜನ? ಮೊಮ್ಮಗಳನ್ನು ಹಿಂದೆ ಕೂಡಿಸಿಕೊಂಡು... ಎದ್ದು ಅಡಿಗೆಮನೆಗೆ ಹೋಗಿಬಿಟ್ಟೆ. ಇನ್ನೊಂದು ಕ್ಷಣ ಅಲ್ಲಿದ್ದರೆ ಏನು ಅನ್ನುತ್ತಿದ್ದೆನೋ. ಲ್ಯಾಬಿನಲ್ಲಿ ಇಡೀ ಬಿಬವೇವಾಡಿಯ ರಕ್ತ ತೆಗೆಯುತ್ತೇನೆ. ಈ ಮನುಷ್ಯ ಸಕ್ಕರೆ ಟೆಸ್ಟ್ ಎಂದರೆ ಸಾಕು, ಏನಾದರೊಂದು ನೆವ ಹೇಳಿ ಕೈ ಕೊಡುವುದೇ ಇಲ್ಲ.

ಇವತ್ತು ಕೊಟ್ಟರು. ತಾವಾಗಿ ಅಂಗಿಯ ತೋಳು ಮಡಚಿ.

ಜನವರಿ ೨೨, ಬುಧವಾರ

ಕಣ್ಣಿನ ಆಸ್ಪತ್ರೆ. ಸಕ್ಕರೆಯೇ ಕಾರಣ. ಕಣ್ಣಿನ ಪರದೆಯ ನಡುಭಾಗದಲ್ಲಿ ಊತ. ಇಂಜೆಕ್ಷನ್ ಶುರು ಮಾಡಬೇಕು. ಇನ್ನಷ್ಟು ಕೆಡದಂತೆ ತಡೆಯಬಹುದು, ಸ್ವಲ್ಪ ಸುಧಾರಿಸಲೂಬಹುದು, ಖಾತ್ರಿ ಇಲ್ಲ. ಡ್ರೈವಿಂಗ್ ಬಂದ್. ಡಾಕ್ಟರ್ ಹುಡುಗಿ ಮೆಲ್ಲಗೆ ಹೇಳಿದಳು, ಎರಡು ಸಲ ಹೇಳಿದಳು.

ವಾಪಸ್ ಬರುವಾಗ ರಿಕ್ಷಾ ಸ್ವಾರಗೇಟ್ ದಾಟಿದ ಮೇಲೆ ಇವರು ನನ್ನ ಕಡೆ ತಿರುಗಿದರು. ಆಮೇಲೆ, "ಆ ಪೇಪರ್ ಫಿಲ್ಟರೇ ಹಾಕ್ಸಿಬಿಡು."

ಇಷ್ಟು ದಿನ ಆ ಒಂದು ಮಾತಿಗಾಗಿ ಜಗಳವಾಡಿದ್ದೇನೆ. ಇವತ್ತು ಅದನ್ನು ಕೇಳಿ ಮೈಯೆಲ್ಲ ಉರಿಯಿತು. ಈ ರೀತಿ ಗೆಲ್ಲಲು ಯಾರು ಕೇಳಿದ್ದರು?

ಫೆಬ್ರವರಿ ೨, ಭಾನುವಾರ

ದತ್ತು ಕಾರ್ಬುರೇಟರ್ ತೊಳೆದು, ಪೇಪರ್ ಫಿಲ್ಟರ್ ಹಾಕಿ ಕೊಟ್ಟಿದ್ದಾನೆ. ನಾನು ವ್ಯಾನ್ ಓಡಿಸಲು ಕಲಿಯುತ್ತಿದ್ದೇನೆ. ಲೈಸೆನ್ಸ್ ಇದೆ, ಅನುಜಾಳ ಕಾರು ಓಡಿಸಿದ್ದೇನೆ. ಆದರೆ ಇದರ ಗೇರಿನ ಕಡ್ಡಿ ಬಾವಿಯಲ್ಲಿ ಬಿದ್ದ ಕೊಡ ಹುಡುಕುವ ಗಳದ ಹಾಗೆ. ಮೂರನೆಯದು ಎಲ್ಲಿದೆಯೋ ಆ ಜರ್ಮನಿಯವರಿಗೇ ಗೊತ್ತು. ಮಾರ್ಕೆಟ್ ಯಾರ್ಡ್ ಹಿಂದಿನ ರಸ್ತೆಯಲ್ಲಿ ನಾಲ್ಕು ಸಲ ಬಂದ್ ಬಿದ್ದಿತು.

ಪಕ್ಕದಲ್ಲಿ ಇವರು. "ಕ್ಲಚ್ ಬಿಡು... ಈಗಲ್ಲ. ಈಗ. ಆವಾಜ್ ಕೇಳಸಲ್ಲೇನು ನಿನಗ?"

"ನೀವು ಸುಮ್ಮ ಕೂಡ್ರಿ ಅಂದ್ರ ಕೇಳಸ್ತದ."

ಪುಣೆಯ ರಿಕ್ಷಾದವರೆಲ್ಲ ನನ್ನನ್ನೇ ಕಾಯುತ್ತಿರುತ್ತಾರೆ ಅನ್ನಿಸುತ್ತದೆ. ಭುಜ ಹಿಡಿದುಕೊಂಡಿದೆ.

ಫೆಬ್ರವರಿ ೬, ಗುರುವಾರ

ಅನುಜಾ ಫೋನ್. "ಅಮ್ಮಾ, ನಾವು ನಮ್ಮ ಕಾರಿನಾಗ ಬರ್ತೀವಿ. ಅಪ್ಪಗ ನೀನೇ ಹೇಳು." ತಪ್ಪೇನಿಲ್ಲ ಅವಳದು. ಹೇಳಿದೆ. "ಛಲೋ ಆತು, ಕೂಸಿಗೆ ಎ.ಸಿ. ಇರ್ತದ" ಎಂದರು. ಆಮೇಲೆ ಕೆಳಗೆ ಹೋಗಿ ವ್ಯಾನಿನ ಗಾಜು ಒರೆಸುತ್ತ ನಿಂತರು. ಒರೆಸಿದ್ದನ್ನೇ ಒರೆಸುತ್ತ.

ನಾವೂ ಟ್ರೇನಿಗೆ ಹೋಗೋಣ ಎಂದುಕೊಂಡೇ ಕೆಳಗಿಳಿದೆ. ಅವರನ್ನು ನೋಡಿ ಹೇಳಲಾಗಲಿಲ್ಲ. ನಾವಿಬ್ಬರೂ ವ್ಯಾನಿನಲ್ಲೇ ಹೊರಡುವುದು. ನನಗೇ ಬುದ್ಧಿ ಇಲ್ಲ.

ಫೆಬ್ರವರಿ ೮, ಶನಿವಾರ

ವಾಯಿಗೆ ತಿರುಗುವ ಫಾಟಾದ ಹತ್ತಿರ ಚಹಾದ ಹೋಟೆಲು. ಖಂಬಾಟಕಿ ಘಾಟ್ ಹತ್ತಿಸಿ ತಂದೆ. ನಾನೇ. ಎಂಜಿನ್ ಆರಲೆಂದು ನಿಲ್ಲಿಸಿದ್ದೇವೆ. ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ತೆವಳಿದೆವು. ಪೇಪರ್ ಫಿಲ್ಟರ್ ಎಲ್ಲೂ ಮುಗ್ಗರಿಸಲಿಲ್ಲ. ಇವರು ದಾರಿಯುದ್ದಕ್ಕೂ ತಪ್ಪು ಹುಡುಕಿದರು. ಬ್ರೇಕ್ ಹೆಚ್ಚು ಒತ್ತುತ್ತೇನೆ. ಹಾರ್ನ್ ಹೊಡೆಯುವುದಿಲ್ಲ. ಗೇರಿಗೆ ಕರುಣೆ ತೋರಿಸುವುದಿಲ್ಲ. ಒಂದು ಕಡೆ ಗಾಡಿ ನಿಲ್ಲಿಸಿ ಇಳಿದು ನಡೆದುಬಿಡಲೇ ಅನ್ನಿಸಿತು. ಘಾಟಿನ ತುದಿಯಲ್ಲಿ ಮಾತ್ರ ತಪ್ಪು ಹುಡುಕುವುದನ್ನು ಬಿಟ್ಟರು. ಆಮೇಲೆ ಕೇಳಿದರು, "ಗೋದಾ, ಮುಂದ ಏನ್ ಕಾಣಸ್ತದ, ಹೇಳು." ಕಬ್ಬಿನ ಟ್ರ್ಯಾಕ್ಟರ್ ಎಂದೆ. ಕೆಳಗೆ ಬಯಲು, ಬಿಸಿಲು, ದೂರದಲ್ಲಿ ಗುಡ್ಡದ ಸಾಲು ಎಂದೆ. "ಇನ್ನ?" ಎಂದರು.

ನಾನು ಕೈ ತೊಳೆದು ಬಂದು ಚಹಾಕ್ಕೆ ಕಾಯುತ್ತ ಇದನ್ನು ಬರೆಯುತ್ತಿದ್ದೇನೆ. ಇವರು ಚಹಾ ಕುಡಿದು ಆಗಲೇ ಹೋದರು. ಇಲ್ಲಿಂದ ವ್ಯಾನ್ ಕಾಣುತ್ತದೆ. ಡ್ರೈವರ್ ಸೀಟಿನಲ್ಲಿ ಕೂತಿದ್ದಾರೆ. ಎರಡೂ ಕೈ ಸ್ಟೇರಿಂಗಿನ ಮೇಲೆ. ನನ್ನ ಕಡೆ ತಿರುಗಿ ಹಾರ್ನ್ ಒತ್ತಿದರು, ಯಾವಾಗಲೂ ಒತ್ತುವ ಹಾಗೆ, ನನಗೇ ತಡವಾದ ಹಾಗೆ. ಬಾಗಿಲಿಗೆ ಬೀಗ ಹಾಕಿರಲಿಲ್ಲ, ಆದರೆ ಗಾಡಿಯ ಕೀಲಿ ನನ್ನ ಹತ್ತಿರವೇ ಇದೆ.

ಹೋಗಬೇಕು. ಹೋಗಿ ಬಾಗಿಲು ತೆಗೆದು, ಏಳ್ರಿ ಅಂತ ಹ್ಯಾಗೆ ಹೇಳಲಿ —