ಹೆಸರಿಲ್ಲದ ಬಿ-17 ಯಾರೆಂದು ಊರಿಗೆಲ್ಲ ಗೊತ್ತು

ಅಂತರ್‌ಸಾಂಸ್ಕೃತಿಕ ಮನೋವಿಜ್ಞಾನದ ಸಂಶೋಧನಾ ತರಬೇತಿ ಶಿಬಿರದ ನಿರ್ದೇಶಕರ ಸನ್ನಿಧಾನಕ್ಕೆ,

ಮಾನ್ಯರೇ, ಸಮಾರೋಪದ ದಿನ ನಾನು ಮಾಡಿದ ಮಂಡನೆಯ ವಿಡಿಯೊ ಇನ್ನೂ ನಿಮ್ಮ ಜಾಲತಾಣದಲ್ಲಿದೆ. ತೆಗೆಯಿರಿ ಎಂದು ಮೂರು ಸಲ ಬರೆದೆ, ತೆಗೆದಿಲ್ಲ. ಸಾಲದ್ದಕ್ಕೆ ಬರುವ ಸೋಮವಾರ ಪಾಂಡವಪುರದಲ್ಲಿ ಶುರುವಾಗುವ ಎರಡನೇ ತಂಡದ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಅದನ್ನು ‘ಮಾದರಿ ಮಂಡನೆ’ ಎಂದು ತೋರಿಸುವುದಾಗಿ ಸುತ್ತೋಲೆ ಹೊರಡಿಸಿದ್ದೀರಿ. ಒಬ್ಬ ಹೆಣ್ಣುಮಗಳು ನಂಬಿ ಹೇಳಿದ ಮಾತನ್ನು ಅವಳ ಊರಿನವರ ಎದುರಿಗೇ ನಗೆಪಾಟಲು ಮಾಡುವುದು ಹೇಗೆ ಎಂಬುದಕ್ಕೆ ಅದು ಮಾದರಿಯೇ ಹೌದು, ಒಪ್ಪುತ್ತೇನೆ. ಆ ಕೆಲಸ ಮಾಡಿದವನು ನಾನು. ಅದಕ್ಕೆ ಪ್ರಥಮ ಬಹುಮಾನ ಕೊಟ್ಟವರು ತಾವು.

ಗಂಭೀರ ಮುಖ ಹೊತ್ತು ಹಸಿ ಸುಳ್ಳು ಹೇಳುವುದರಲ್ಲಿ ನನಗೆ ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಸ್ವಲ್ಪ ಹೆಸರಿದೆ. ಕಾಲೇಜಿನಲ್ಲಿ ‘ಕ್ಯಾಂಟೀನ್ ಇಡ್ಲಿಯ ಅಕಾಲಿಕ ಗಟ್ಟಿತನದ ವಿಚಾರಣಾ ಆಯೋಗ’ ರಚಿಸಿ, ಇಬ್ಬರು ಅಧ್ಯಾಪಕರಿಂದ ಲಿಖಿತ ಅಹವಾಲು ಸ್ವೀಕರಿಸಿದವನು ನಾನೇ. ಇಂಥವನನ್ನು ನೀವು ಶ್ರೀರಂಗಪಟ್ಟಣದ ಸಭಾಂಗಣದಲ್ಲಿ ಎಂಟು ದಿನ ಕೂರಿಸಿ, ಒಂದು ದೇಶದ ಮನಸ್ಸನ್ನು ಇನ್ನೊಂದು ದೇಶದ ಅಳತೆಗೋಲಿನಿಂದ ಅಳೆಯಬಾರದು ಎಂದು ಕಲಿಸಿದಿರಿ. ಗೋಪ್ಯತೆಗೆ ಸಿಕ್ಕಿದ್ದು ಊಟಕ್ಕೆ ಮುಂಚಿನ ಇಪ್ಪತ್ತು ನಿಮಿಷ. ಹೊರದೇಶದ ಕೈಪಿಡಿಯಲ್ಲಿ ಇದ್ದದ್ದನ್ನು ಇದ್ದ ಹಾಗೇ ಓದಿದಿರಿ: ಏಕಾಂತದಲ್ಲಿ ಮಾತಾಡಿಸಿ, ಹೆಸರು ತೆಗೆದು ನಂಬರ್ ಹಾಕಿ. ಅಷ್ಟಕ್ಕೆ ಅನ್ನ ಸಾರು ಬಂತು.

ಒಂಬತ್ತನೇ ದಿನ ನಮ್ಮನ್ನು ಬಿಂಡಿಗನವಿಲೆ ಆಚೆಯ ಒಂದು ಊರಿನಲ್ಲಿ ಇಳಿಸಿದಿರಿ. ‘ನಾನು ಎಂದರೆ ಯಾರು’ ಎಂಬುದಕ್ಕೆ ಮೂರು ದೇಶದ ಜನ ಏನು ಹೇಳುತ್ತಾರೆಂದು ಹೋಲಿಸುವ ಪ್ರಶ್ನಾವಳಿ ನಮ್ಮ ಕೈಯಲ್ಲಿತ್ತು. ನನ್ನ ಪಾಲಿಗೆ ಬಂದದ್ದು ಚಿಕ್ಕಬೋರಮ್ಮನವರ ಮನೆ. ಉತ್ತರಿಸಬೇಕಾದವರು ಅವರ ಸೊಸೆ ಮೇಘನ, ನಾಗಮಂಗಲದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿರುವವರು. ಏಕಾಂತವನ್ನು ಎಲ್ಲಿಂದ ತರಲಿ? ಜಗಲಿಯ ಮೇಲೆ ಆಗಲೇ ಆರು ಜನ ಕೂತಿದ್ದರು.

“ಅವಳ್ನೇನ್ ಕೇಳೀಯೆ ಮಗ, ಅವಳ್ದೂ ನಾನೇ ಯೋಳ್ತೀನಿ, ಬರ್ಕೊ,” ಎಂದರು ಚಿಕ್ಕಬೋರಮ್ಮ.

ನಾನು ಕನ್ನಡಕ ಸರಿಮಾಡಿಕೊಂಡು, “ಅವ್ವ, ಸಂಶೋಧನೆಗೆ ಇನ್ನೊಂದು ಬಹಳ ಮುಖ್ಯವಾದ ಮಾಹಿತಿ ಬೇಕು. ಹಿತ್ತಲಿನ ಕುರಿಗಳು ಅರ್ಧ ಗಂಟೆಯಲ್ಲಿ ಎಷ್ಟು ಸಲ ಕೂಗ್ತವೆ ಅಂತ ನೀವೇ ಎಣಿಸಿಕೊಡ್ಬೇಕು,” ಎಂದೆ. ಅವರು ಆರೂ ಜನರನ್ನು ಎಬ್ಬಿಸಿಕೊಂಡು ಹೋದರು. ಅರ್ಧ ಗಂಟೆಯಾದ ಮೇಲೆ ಬಂದು, “ಇಪ್ಪತ್ಮೂರು ಸಲ ಕಣ್ಮಗ. ಒಂದು ಮರಿ ಕೆಮ್ತು, ಅದ್ನೂ ಸೇರುಸ್ಕತೀಯಾ?” ಎಂದು ಕೇಳಿದರು. ಸೇರಿಸಿಕೊಂಡೆ.

ಆ ಕುರಿಯ ತಮಾಷೆಗೆ ಮೇಘನಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಹೀಗೆ ನಗಿಸುವವನನ್ನು ನಂಬಬಹುದು ಅಂದುಕೊಂಡರೋ ಏನೋ. ‘ನೀವು ನೀವಾಗಿದ್ದೀರಿ ಎನಿಸುವುದು ಯಾವಾಗ?’ ಎಂಬ ಪ್ರಶ್ನೆ ಬಂದಾಗ, ಉಳಿದವರೆಲ್ಲ ಇನ್ನೂ ಹಿತ್ತಲಲ್ಲಿದ್ದರೂ, ದನಿ ತಗ್ಗಿಸಿದರು.

“ಯೋಳ್ಲಾ ತಮ್ಮ? ಯಾರ್ ತಾವೂ ಅನ್ಬಾರ್ದು.”

“ಹೆಸರೇ ಇರಲ್ಲ ಅಕ್ಕ. ಬರೀ ನಂಬರ್ರು, ಬಿ-17.”

“ಐದ್ಗಂಟೆ ಬಸ್ಸು ಸಿಕ್ತದೆ ನಂಗೆ. ಬೇಕಂತ್ಲೇ ಬುಟ್ಬುಡ್ತೀನಿ. ಮುಂದಿನ್ ಬಸ್ಸಿಗೆ ಮುಕ್ಕಾಲ್ ಗಂಟೆ. ಬಸ್‌ಸ್ಟ್ಯಾಂಡ್ ಬೆಂಚಿನ್ ಮ್ಯಾಲೆ ಕಳ್ಳೆಕಾಯ್ ತಿನ್ಕಂಡು ಸುಮ್ಕೆ ಕುಂತಿರ್ತೀನಿ. ಯಾರೂ ಏನೂ ಕೇಳಾಕಿಲ್ಲ. ಆವಾಗ ನಾನು ಯಾರ್ ಸೊಸೇನೂ ಅಲ್ಲ, ಯಾರ್ ಎಂಡ್ತೀನೂ ಅಲ್ಲ. ಮನೇಲಿ ಬಸ್ಸು ತಪ್ಪೋಯ್ತು ಅಂತೀನಿ.”

ಇದನ್ನು ನಾನು ಏನು ಮಾಡಿದೆ ಎಂಬುದು ನಿಮಗೆ ಗೊತ್ತು, ಮುಂದಿನ ಸಾಲಿನಲ್ಲೇ ಕೂತಿದ್ದಿರಿ. ಫಲಿತಾಂಶವನ್ನು ಸಮುದಾಯಕ್ಕೆ ಮರಳಿಸಬೇಕೆಂಬ ಇನ್ನೊಂದು ಆದರ್ಶಕ್ಕೆ ಕಟ್ಟುಬಿದ್ದು ಸಮಾರೋಪವನ್ನು ಅದೇ ಊರಿನ ಸಮುದಾಯ ಭವನದಲ್ಲಿ ಇಟ್ಟಿದ್ದಿರಿ. ನಾನು ವಿಚಾರಣಾ ಆಯೋಗದ ಅಧ್ಯಕ್ಷನ ಗತ್ತಿನಲ್ಲಿ ಎದ್ದು ನಿಂತು, ‘ನಾಗಮಂಗಲದ ಬಟ್ಟೆ ಅಂಗಡಿಯ ಅನಾಮಿಕ ಉದ್ಯೋಗಿ ಬಿ-17 ಅವರ ಬಸ್ ತಪ್ಪಿಸುವ ವ್ರತ’ವನ್ನು ಸವಿಸ್ತಾರವಾಗಿ ಮಂಡಿಸಿದೆ. ಕಂಡಕ್ಟರನ ಸೀಟಿ ಊದಿದೆ. ಕಳ್ಳೆಕಾಯಿ ಸುಲಿಯುವ ಅಭಿನಯ ಮಾಡಿದೆ. ನೀವು ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡಿರಿ. ಊರವರೂ ನಕ್ಕರು. ಆಮೇಲೆ ಚಿಕ್ಕಬೋರಮ್ಮ ಎದ್ದು ನಿಂತರು.

“ಲೇ ಮಗ, ಅದು ನಮ್ ಮೇಘನ ಅಲ್ವೇನ್ಲಾ? ನಾಗಮಂಗ್ಲುದ್ ಬಟ್ಟೆ ಅಂಗ್ಡಿಗೆ ಈ ಊರಿಂದ ಇನ್ಯಾರ್ಲಾ ಓಯ್ತಾರೆ?”

ವಿಡಿಯೊದಲ್ಲಿ ಇದು ಸ್ಪಷ್ಟವಾಗಿ ಕೇಳಿಸುತ್ತದೆ. ಅದರ ಕೆಳಗೆ ನಿಮ್ಮ ಕಚೇರಿ ‘ಸಮುದಾಯದ ಸಕ್ರಿಯ ಸಹಭಾಗಿತ್ವ’ ಎಂದು ಬರೆದಿದೆ. ಕಂಬದ ಪಕ್ಕ ಕೂತಿದ್ದ ಮೇಘನಕ್ಕ ತಲೆ ತಗ್ಗಿಸಿದ್ದನ್ನು ನಾನು ನೋಡಿದೆ. ನೋಡಿಯೂ ನಿಲ್ಲಿಸಲಿಲ್ಲ. ಇನ್ನೊಂದು ನಗೆ ಬಾಕಿಯಿತ್ತು, ಅದನ್ನೂ ಮುಗಿಸಿಯೇ ಕೂತೆ. ಇದನ್ನು ಬರೆಯಲು ನನಗೆ ಹನ್ನೆರಡು ದಿನ ಹಿಡಿಯಿತು.

ಮನೆಯಲ್ಲಿ ಯಾರೂ ಅವರನ್ನು ಹೊಡೆಯಲಿಲ್ಲ, ಬಯ್ಯಲಿಲ್ಲ. ಹಾಗೆ ಮಾಡಿದ್ದರೆ ನಮಗೆ ಆ ಮನೆಯವರನ್ನು ಬೈದು ನಿರಾಳವಾಗಲು ಒಂದು ದಾರಿ ಸಿಗುತ್ತಿತ್ತು. ಗಂಡ ಶಂಕರ್ ಒಂದೇ ಸಲ ಕೇಳಿದರಂತೆ, “ಮನೇಗ್ ಬರಾದು ಅಷ್ಟು ಬ್ಯಾಸ್ರಾ?” ಎಂದು. ಮಾರನೇ ದಿನದಿಂದ ಸಂಜೆ ಐದಕ್ಕೆ ಮೊದಲೇ ಅವರ ಬೈಕು ಅಂಗಡಿ ಮುಂದೆ ನಿಲ್ಲುತ್ತದೆ. ವಿಡಿಯೊ ನೋಡಿದವರು ಸೀರೆ ಕೊಳ್ಳಲು ಬಂದು, “ಇವತ್ತೂ ಬಸ್ ಬುಟ್ಯೇನವ್ವ?” ಎಂದು ಕೇಳಿ ನಗುತ್ತಾರೆ. ಇಡೀ ದಿನದಲ್ಲಿ ಆಕೆಗೆಂದು ಇದ್ದದ್ದು ಆ ಮುಕ್ಕಾಲು ಗಂಟೆ ಮಾತ್ರ, ಮಾನ್ಯರೇ. ಈಗ ಅದೂ ಇಲ್ಲ.

ನಾನು ಬರೆದ ಮೂರು ಪತ್ರಕ್ಕೆ ನಿಮ್ಮಿಂದ ಒಂದು ಉತ್ತರ ಬಂತು: ‘ದತ್ತಾಂಶದಲ್ಲಿ ಹೆಸರು ಇಲ್ಲದಿರುವುದರಿಂದ ಗೋಪ್ಯತೆಯ ಉಲ್ಲಂಘನೆ ಆಗಿರುವುದಿಲ್ಲ.’ ಎಷ್ಟು ಚೊಕ್ಕವಾದ ವಾಕ್ಯ! ಎದುರು ಮನೆಯವನ ಹೆಸರೇ ಗೊತ್ತಿಲ್ಲದ ಯಾವುದೋ ಮಹಾನಗರದಲ್ಲಿ ಅದು ನಿಜವೂ ಇರಬಹುದು. ಆದರೆ ಹಿತ್ತಲಲ್ಲಿ ಕೆಮ್ಮಿದರೆ ಯಾರ ಮನೆಯವರು ಎಂದು ಬೀದಿಯ ಕೊನೆಯಲ್ಲಿ ತಿಳಿಯುವ ಊರಿನಲ್ಲಿ, ಹೆಸರೊಂದನ್ನು ತೆಗೆದು ನಾವು ಏನನ್ನು ಮುಚ್ಚಿಟ್ಟೆವು? ಸಂಸ್ಕೃತಿಯಿಂದ ಸಂಸ್ಕೃತಿಗೆ ‘ನಾನು’ ಎಂಬುದೇ ಬದಲಾಗುತ್ತದೆ ಎಂದು ಎಂಟು ದಿನ ಬೋಧಿಸಿದವರಿಗೆ, ‘ಗುಟ್ಟು’ ಎಂಬುದೂ ಬದಲಾಗುತ್ತದೆ ಎಂದು ಹೊಳೆಯಲಿಲ್ಲವೇ? ನಿಮ್ಮನ್ನು ದೂರಿ ನಾನು ತಪ್ಪಿಸಿಕೊಳ್ಳುತ್ತಿಲ್ಲ. ನಾನು ಇದೇ ತಾಲ್ಲೂಕುಗಳ ನಡುವೆ ಬೆಳೆದವನು. ಕೈಪಿಡಿ ಬರೆದವರಿಗೆ ಗೊತ್ತಿರದಿದ್ದದ್ದು ನನಗೆ ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ. ಚಪ್ಪಾಳೆಯ ಆಸೆಗೆ ಮರೆತೆ.

ಕ್ಷಮೆ ಕೇಳಲು ಅಂಗಡಿಗೆ ಹೋದೆ. ಮೇಘನಕ್ಕ ಬಿಚ್ಚಿದ ಸೀರೆಗಳನ್ನು ಮಡಚುತ್ತಿದ್ದರು, ತಲೆ ಎತ್ತಲಿಲ್ಲ.

“ನೀನು ಬರೀ ಬರ್ಕೊಂಡೋಗಿದ್ರೆ ನಂಗೇನೂ ಆಯ್ತಿರ್ನಿಲ್ಲ ತಮ್ಮ. ನಾನ್ ಯೋಳ್ದಂಗೇ ನನ್ ದನೀಲಿ ಆಡ್ಬುಟ್ಟಲ್ಲ, ಅದು ತಡಿಯಾಕಾಗ್ನಿಲ್ಲ,” ಎಂದರು. ಇನ್ನೊಂದು ಸೀರೆ ಎಳೆದುಕೊಂಡು, “ಆ ವಿಡಿಯೊ ತೆಗಿಸ್ತೀಯಾ?” ಎಂದು ಕೇಳಿದರು.

ತೆಗೆಸುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದೇನೆ. ಆದ್ದರಿಂದ ಸೋಮವಾರಕ್ಕೆ ಮೊದಲು ಅದನ್ನು ತೆಗೆಯಿರಿ. ಬಿ-17ರ ಉತ್ತರಗಳನ್ನು ನಿಮ್ಮ ದತ್ತಾಂಶದಿಂದ ಅಳಿಸಿ. ನನ್ನ ಬಹುಮಾನವನ್ನು ರದ್ದು ಮಾಡಿ, ರದ್ದಾಗಿದ್ದು ಏಕೆ ಎಂದು ಅದೇ ಸಮುದಾಯ ಭವನದ ಬಾಗಿಲಿಗೆ ನೋಟಿಸು ಅಂಟಿಸಿ. ಎರಡನೇ ತಂಡಕ್ಕೆ ಒಂದೇ ನಿಯಮ ಕಲಿಸಿ: ಯಾರ ಬದುಕಿನ ಬಗ್ಗೆ ಬರೆದಿದ್ದಾರೋ, ಬೇರೆ ಯಾರೇ ಕೇಳುವ ಮೊದಲು ಅವರ ಮುಂದೆ ಕೂತು ಓದಬೇಕು. ಬೇಡ ಎಂದದ್ದನ್ನು ಅಲ್ಲೇ ಹೊಡೆದುಹಾಕಬೇಕು.

ಈ ಪತ್ರವನ್ನೂ ಹಾಗೆಯೇ ಮುಂದೆ ಕೂತು ಓದಿದೆ. ಮೇಘನಕ್ಕ ಪೂರ್ತಿ ಕೇಳಿಸಿಕೊಂಡು, “ಊರ್ಗೆಲ್ಲ ಗೊತ್ತಿರಾದು ಇರ್ಲಿ ಬುಡು. ಈ ಎರಡು ಸಾಲು ಬ್ಯಾಡ,” ಎಂದರು. ಹೊಡೆದುಹಾಕಿದೆ. ಅದರಲ್ಲೇನಿತ್ತು ಎಂದು ತಾವು ಫೋನು ಮಾಡಿ ಕೇಳಿದರೂ ನಾನು ಹೇಳುವುದಿಲ್ಲ.

ಇಂತಿ,
ನಗಿಸಲು ಹೋಗಿ ತಲೆ ಎತ್ತಲಾರದಂತಾದ ನಿಮ್ಮ ಶಿಬಿರದ ಅತ್ಯುತ್ತಮ ಸಂಶೋಧಕ,
ಸಿದ್ದಾರ್ಥ
ಕೆ.ಆರ್. ಪೇಟೆ