ಕಬ್ಬಿಣಣ್ಣನ ಬಾಗಿಲು

ಚೆಟ್ಟಳ್ಳಿ,
೧೮ ಫೆಬ್ರವರಿ ೨೦೨೫

ಪ್ರೀತಿಯ ತಮ್ಮ ತೀರ್ಥನಿಗೆ,

ಹೇಗಿದ್ದೀಯ ಮಾರಾಯ? ಕಾಲು ಹೇಗಿದೆ? ಶಿವರಾತ್ರಿ ಹತ್ತಿರ ಬಂದರೂ ಇಲ್ಲಿ ಬೆಳಗಿನ ಚಳಿ ಬಿಟ್ಟಿಲ್ಲ. ಪುತ್ತೂರಿನ ಸೆಕೆಗೆ ನಿನ್ನ ಮಂಡಿ ಸ್ವಲ್ಪ ಆರಾಮ ಇರಬಹುದು. ದಿನವಿಡೀ ಸ್ಟೂಲಿನಲ್ಲಿ ಕೂತು ವಾಚು ರಿಪೇರಿ ಮಾಡುವವನಿಗೆ ನಡುನಡುವೆ ಎದ್ದು ಓಡಾಡು ಅಂದರೆ ನಗುತ್ತೀಯ, ಆದರೂ ಹೇಳುತ್ತೇನೆ. ನಿನ್ನ ಅತ್ತಿಗೆ ಯಮುನ, ಗಾನವಿ ಚೆನ್ನಾಗಿದ್ದಾರೆ. ಅಪ್ಪನಿಗೆ ಎಪ್ಪತ್ತೆಂಟಾದರೂ ಕರಿಮೆಣಸು ಕುಯ್ಯುವಲ್ಲಿಗೆ ಹೋಗಿ ಎಲ್ಲರಿಗೂ ಬೈಯುವುದು ನಿಂತಿಲ್ಲ. ಫೋನಿರುವಾಗ ಇವನಿಗೇನು ಕಾಗದದ ಹುಚ್ಚು ಅಂತೀಯೇನೋ. ಫೋನಿನಲ್ಲಿ ನಾನು ನೀನು ಬಿದ್ದ ದಿನದ ವಿಷಯ ಎತ್ತಿದ ಕೂಡಲೇ ನೀನು "ಬಿಡಣ್ಣ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಕಬ್ಬಿಣಣ್ಣ ನೆನಪಿದ್ದಾನಾ? ತೋಟದ ಲೆಕ್ಕ ಬರೆಯುತ್ತಿದ್ದ ಸೋಮಯ್ಯ ರೈಟರ್ ಮನೆಯ ಟಿವಿಯಲ್ಲಿ ಸಂಜೆ ಐದೂವರೆಗೆ ಹಿಂದಿಯಲ್ಲಿ ಬರುತ್ತಿದ್ದ ಜಪಾನಿನ ಕಾರ್ಟೂನು. ಸಿಲ್ವರ್ ಓಕ್ ಮರಕ್ಕಿಂತ ಎತ್ತರದ ಯಂತ್ರ, ಅದರ ಎದೆಯೊಳಗೆ ಕೂತು ಓಡಿಸುವ ಹುಡುಗ, ಹೊರಗೆ ಅವನ ಅಕ್ಕ. ಎದೆಯ ಬಾಗಿಲಿಗೆ ಒಳಗಿನಿಂದ ಚಿಲಕವಿಲ್ಲ, ಅಕ್ಕನೇ ಬಂದು ತೆಗೆಯಬೇಕು. ಅದಕ್ಕೇ ಅವನು ಮತ್ತೆ ಮತ್ತೆ "ಇದ್ದೀಯಾ?" ಅಂತ ಕೇಳುತ್ತಿದ್ದ, ಅವಳು "ಇದ್ದೇನೆ" ಅನ್ನುತ್ತಿದ್ದಳು. ಹಿಂದಿಯಲ್ಲಿ ನಮಗೆ ಸರಿಯಾಗಿ ತಿಳಿದದ್ದು ಅದೊಂದೇ ಅಲ್ವ? ಮೆಣಸು ಕುಯ್ಯುವಾಗಲೂ ಅದೇ ಆಟ. ಮರಕ್ಕೆ ಒರಗಿಸಿದ ಒಂಟಿ ಬಿದಿರಿನ ಏಣಿಯ ಮೇಲಿಂದ ನೀನು ಕೇಳುವುದು, ಬುಡ ಹಿಡಿದ ನಾನು ಹೇಳುವುದು.

ಹೋದ ವಾರ ಗಾನವಿ ಅದನ್ನು ಮೊಬೈಲಿನಲ್ಲಿ ಎಲ್ಲಿಂದಲೋ ಹುಡುಕಿ ತಂದಳು. ಮಗಳ ಎದುರು ಸ್ವಲ್ಪ ಜಂಬ ಕೊಚ್ಚಿಕೊಳ್ಳೋಣ ಅಂತ ನಾನೂ ಕೂತೆ. ಚಿಕ್ಕವರಿದ್ದಾಗ ನಾವು ನೋಡಿದ್ದು ಹೊಡೆದಾಟ ಮಾತ್ರ ಮಾರಾಯ. ಆ ಹುಡುಗ ಪ್ರತಿ ಸಲ ಒಳಗೆ ಹೋಗುವ ಮುಂಚೆ ಭಯದಿಂದ ವಾಂತಿ ಮಾಡುತ್ತಾನೆ, ಯಾರೂ ಅವನನ್ನು ಬೇಕಾ ಬೇಡವಾ ಅಂತ ಕೇಳುವುದಿಲ್ಲ, ಅದೆಲ್ಲ ನನಗೆ ನೆನಪೇ ಇರಲಿಲ್ಲ. ಕೊನೆಯ ಕಂತು ಗೆಲುವಿನದು ಅಂತಲೇ ಇಷ್ಟು ವರ್ಷ ನಂಬಿದ್ದೆ. ಊರಿಡೀ ಕುಣಿಯುತ್ತದೆ, ಅಕ್ಕನೂ ಆ ಗುಂಪಿನೊಳಗೆ ಸೇರಿ ಹೋಗುತ್ತಾಳೆ, ಹಿಂದೆ ಡೋಲು ಕೇಳುತ್ತದೆ. ಗಾನವಿಗೆ, ಈಗ ಡೋಲು ಬರುತ್ತದೆ ನೋಡು ಅಂದೆ. ಅವಳು ನನ್ನ ಮುಖ ನೋಡಿ, "ಡೋಲಲ್ಲಪ್ಪ, ಅವನು ಒಳಗಿಂದ ಬಾಗಿಲು ಬಡೀತಿದ್ದಾನೆ" ಅಂದಳು. ನನಗೆ ಕೂರಲಾಗಲಿಲ್ಲ. ಎದ್ದು ಕಣದ ಕಡೆ ಹೋಗಿ ಸುಮ್ಮನೆ ಒಣಗಿದ ಮೆಣಸು ಕೆದಕುತ್ತಾ ನಿಂತೆ.

ಆ ಕೊನೆಯ ಕಂತನ್ನು ನಾನು ಯಾವತ್ತು ನೋಡಿದ್ದು ಗೊತ್ತಾ ತೀರ್ಥ? ನೀನು ಏಣಿಯಿಂದ ಬಿದ್ದ ದಿನ. ಮೇಲಿದ್ದವನ ಕಾಲು ನೆಲ ಮುಟ್ಟುವವರೆಗೆ ಬುಡ ಹಿಡಿದವನು ಕೈ ಬಿಡಬಾರದು ಅಂತ ಅಪ್ಪ ನಮಗೆ ಹೇಳಿಕೊಟ್ಟದ್ದೇ ಅದೊಂದು. ನನಗೆ ಹದಿನೈದು, ನಿನಗೆ ಹನ್ನೆರಡು. ಗೋಣಿ ತರಲು ಹೋಗಿದ್ದೆ ಅಂತ ನಿನಗೆ ಹೇಳಿದ್ದೆನಲ್ಲ, ಅದು ಸುಳ್ಳು. ಐದೂವರೆಯಾಯಿತು ಅಂತ ಏಣಿ ಬಿಟ್ಟು ಸೋಮಯ್ಯ ರೈಟರ ಮನೆಗೆ ಓಡಿದೆ. ಅರ್ಧ ದಾರಿಯಲ್ಲಿ ನೀನು "ಇದ್ದೀಯಾ?" ಅಂದದ್ದು ಕೇಳಿಸಿತು. ಕೇಳಿಸಿತು ಕಣೋ. ಆದರೂ ಓಡಿದೆ. ನೀನು ಆಸ್ಪತ್ರೆಯಲ್ಲಿ ಮಲಗಿಕೊಂಡೇ, "ನಾನೊಬ್ಬನೇ ಹತ್ತಿದೆ, ಅಣ್ಣನಿಗೆ ಗೊತ್ತಿಲ್ಲ" ಅಂತ ಅಪ್ಪನಿಗೆ ಹೇಳಿದೆ. ಅವತ್ತಿನಿಂದ ಅವರ ಬಾಯಲ್ಲಿ ನೀನು ಹೇಳಿದ ಮಾತು ಕೇಳದವನಾದೆ, ನಾನು ಜವಾಬ್ದಾರಿಯ ಮಗನಾದೆ. ನೀನು ಬ್ಯಾಗು ಹಿಡಿದು ಮನೆ ಬಿಟ್ಟಾಗ ಅವರು ಅಂಗಳಕ್ಕೂ ಬರಲಿಲ್ಲ. ನಾನು ಜೀಪಿನಲ್ಲಿ ನಿನ್ನನ್ನು ಬಸ್ಸಿಗೆ ಬಿಟ್ಟು ಬಂದೆ, ಆಗಲೂ ಬಾಯಿ ಬಿಡಲಿಲ್ಲ. ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ. ಕ್ಷಮಿಸು ಅಂತ ಕೇಳುವ ಮುಖವೂ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಯಮುನ ನಿನಗೆ ಅಂತ ಒಂದು ಬಾಟ್ಲಿ ಜೇನು ತೆಗೆದಿಟ್ಟಿದ್ದಾಳೆ. ಗಾನವಿ ಚಿಕ್ಕಪ್ಪನಿಗೆ ನಮಸ್ಕಾರ ಹೇಳಿದ್ದಾಳೆ, ಅವಳ ನಿಂತ ವಾಚನ್ನೂ ನಿನಗೇ ಕಳಿಸುತ್ತಾಳಂತೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಇಪ್ಪತ್ತನಾಲ್ಕು ವರ್ಷ ತಡವಾಗಿ, ಇದ್ದೇನೆ ಅನ್ನುವ
ನಿನ್ನ ಅಣ್ಣ,
ಸುನಿಲ

ಮತ್ತೆ: ಅಂಚೆಗೆ ಹಾಕುವ ಮುಂಚೆ, ನಿನ್ನೆ ರಾತ್ರಿ, ಅಪ್ಪನಿಗೂ ಎಲ್ಲ ಹೇಳಿಬಿಟ್ಟೆ. ಹೊಡೆಯುತ್ತಾರೆ ಅಂದುಕೊಂಡಿದ್ದೆ, ಹೊಡೆಯಲಿಲ್ಲ. "ಅವನು ಕೂಗಿರಬೇಕಲ್ಲ" ಅಂದರು, ಅಷ್ಟೇ. ಇವತ್ತು ಬೆಳಿಗ್ಗೆ ಎದ್ದವರೇ ಪುತ್ತೂರಿಗೆ ಎಷ್ಟು ಹೊತ್ತಿಗೆ ಹೊರಡಬೇಕು ಅಂತ ಕೇಳಿದರು. ಭಾನುವಾರ ಬರುತ್ತೇವೆ. ನಿನಗೆ ರಜೆ ಅಂತ ಗೊತ್ತು, ಆದರೂ ಶಟರ್ ಎಳೆದುಕೊಂಡು ಅಂಗಡಿಯೊಳಗೇ ಇರು. ಶಟರ್ ಹೊರಗಿಂದ ಅಪ್ಪನೇ ಎತ್ತುತ್ತಾರಂತೆ.